ಚಿತ್ತಾರದ ಎಲೆ, ನಂಜಿನ ಎಲೆ: ಹೊಗೆಸೊಪ್ಪಿನ ಸೀಮೆಗೆ ಬಂದ ಒಂದು ಸೇಜ್ ಗಿಡ

ಭರಣಿ ಮಳೆ ಈ ಸಲ ಕೈಕೊಡಲಿಲ್ಲ. ನಾಟಿ ಮುಗಿಸಿ ಕೈ ತೊಳೆದುಕೊಂಡು ಕೂತಿದ್ದೀನಿ. ಕೈ ತೊಳೆಯೋ ವಿಚಾರ ಸುಮ್ನೆ ಹೇಳಿದ್ದಲ್ಲ, ಕೊನೇಲಿ ಮತ್ತೆ ಅಲ್ಲಿಗೇ ಬರ್ತೀನಿ. ಇವತ್ತಿನ ಬರಹ ಸ್ವಲ್ಪ ಉದ್ದ. ಪುರುಸೊತ್ತಾದಾಗ ಓದಿ.

ಮೈಸೂರಲ್ಲಿ ಓದೋ ಮಗಳು ಯುಗಾದಿಗೆ ಬರುವಾಗ ನರ್ಸರಿಯಿಂದ ಒಂದು ಕುಂಡ ತಂದಿದ್ದಳು. ಸೇಜ್ ಗಿಡ. ಎಲೆ ನೋಡಿದರೆ ನಡುವೆ ಬೂದುಹಸಿರು, ಸುತ್ತ ತಿಳಿಹಳದಿ ಅಂಚು, ಮುಟ್ಟಿದರೆ ಮಖಮಲ್ಲಿನ ಹಾಗೆ. ಉಜ್ಜಿದರೆ ಕರ್ಪೂರ ಬೆರೆಸಿದಂಥ ಘಾಟು. ಜಗಲಿ ಮೇಲಿಟ್ಟೆವು. ಆ ಹೊತ್ತಿಗೆ ಜಗಲಿ ಪಕ್ಕದ ನೆರಳಲ್ಲೇ ಹೊಗೆಸೊಪ್ಪಿನ ಸಸಿ ಟ್ರೇಗಳು ಇದ್ದವು. ಎರಡು ದಿನ ಆಯ್ತು, ಪಕ್ಕದ ಹೊಲದ ದೊಡ್ಡಪ್ಪ ಬಂದರು. ಕುಂಡ ಕಂಡವರೇ ನಿಂತುಬಿಟ್ಟರು.

"ಏನ್ಲಾ ಮಗ, ನಂಜು ಬಡ್ದಿರೋ ಗಿಡವ ತಂದು ಬಾಗ್ಲಲ್ಲೇ ಮಡ್ಗಿದ್ದೀಯಲ್ಲೋ! ಕಿತ್ತು ಬಿಸಾಕು ಅತ್ಲಾಗೆ. ಸಸಿಗೆ ಹತ್ಕೊಂಡ್ರೆ ವರ್ಷದ ಅನ್ನ ಹೋಯ್ತದೆ."

ಮಗಳು ನಕ್ಕಳು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದ ಮೇಲೆ ನಗು ನಿಂತುಹೋಯ್ತು. ಯಾಕಂದ್ರೆ ಹೋದ ವರ್ಷ ನನ್ನ ಹೊಲದಲ್ಲಿ ಸಾಲಿಗೆ ಸಾಲೇ ಮೊಸಾಯಿಕ್ ಬಂದಿತ್ತು. ಎಲೆ ಮೇಲೆ ತಿಳಿಹಸಿರು, ಕಡುಹಸಿರು ತೇಪೆ ಹಾಕಿದ ಹಾಗೆ. ಬ್ಯಾರನ್ನಿಗೆ ಏರಿಸಿ ಬೇಯಿಸಿದರೂ ಆ ಎಲೆಗೆ ಬಣ್ಣ ಬರಲಿಲ್ಲ, ತೂಕ ಬರಲಿಲ್ಲ. ಹರಾಜಿನಲ್ಲಿ ಆ ಬೇಲ್‌ಗಳ ಮುಂದೆ ನಿಂತಾಗ ಹೇಗಿರುತ್ತೆ ಅಂತ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ದೊಡ್ಡಪ್ಪನ ಕಣ್ಣು ಸುಮ್ಮನೆ ಬೆದರಿದ ಕಣ್ಣಲ್ಲ. ನಮ್ಮ ಸೀಮೆಯಲ್ಲಿ ಎಲೆ ಮೇಲಿನ ಚಿತ್ತಾರ ಅಂದರೆ ಸಾಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ. ತಮಾಷೆ ನೋಡಿ, ನಮ್ಮ ಜಗಲಿಯ ಈ ಸೇಜ್ ತಳಿಯ ಹೆಸರು 'ಇಕ್ಟೆರಿನಾ'. ಗ್ರೀಕ್ ಮೂಲದ ಆ ಮಾತಿನ ಬೇರು 'ಇಕ್ಟೆರಸ್', ಅಂದರೆ ಕಾಮಾಲೆಯೇ! ಹೆಸರಿಟ್ಟವರೂ ಅದನ್ನ ರೋಗದ ಬಣ್ಣಕ್ಕೆ ಹೋಲಿಸಿಯೇ ಇಟ್ಟಿದ್ದಾರೆ. ಹಾಗಾದರೆ ಇದು ರೋಗವೋ, ರೂಪವೋ? ಈ ಪ್ರಶ್ನೆ ನಮ್ಮೂರ ಜಗಲಿಯದು ಮಾತ್ರ ಅಲ್ಲ. ಇದಕ್ಕೆ ನಾನೂರು ವರ್ಷದ ಚರಿತ್ರೆ ಇದೆ. ಅದರ ನಡುಮಧ್ಯೆ ನಿಂತಿರೋದು ನಮ್ಮದೇ ಹೊಗೆಸೊಪ್ಪು.

*ಅರಮನೆ ತೋಟದಿಂದ ಜಗಲಿಗೆ*

ಸೇಜ್ ಮೆಡಿಟರೇನಿಯನ್ ಸಮುದ್ರದ ಸುತ್ತಲ ಒಣ ಗುಡ್ಡಗಳ ಗಿಡ. ಶಾಸ್ತ್ರೀಯ ಹೆಸರು ಸಾಲ್ವಿಯಾ ಅಫಿಷಿನಾಲಿಸ್. ಲಿನೇಯಸ್ 1753ರಲ್ಲಿ ಇಟ್ಟಿದ್ದು. 'ಸಾಲ್ವಿಯಾ' ಅನ್ನೋ ಲ್ಯಾಟಿನ್ ಮಾತಿನ ಒಳಗೆ ಕಾಪಾಡು, ಗುಣಪಡಿಸು ಅನ್ನೋ ಅರ್ಥ ಇದೆ. ಕ್ರಿ.ಶ. 800ರ ಸುಮಾರಿಗೆ ಯೂರೋಪಿನಲ್ಲಿ ಶಾರ್ಲಮೇನ್ ದೊರೆಯ ಕಾಲದಲ್ಲಿ ಅರಮನೆ ತೋಟಗಳಲ್ಲಿ ಇಂಥಿಂಥ ಗಿಡ ಇರಬೇಕು ಅಂತ ಪಟ್ಟಿ ಆಯ್ತು. ಅದರಲ್ಲಿ ಸೇಜ್ ಇದೆ. ನಮ್ಮ ಹಿತ್ತಲಲ್ಲಿ ದೊಡ್ಡಪತ್ರೆ ಇದ್ದ ಹಾಗೆ ಅವರ ಹಿತ್ತಲಲ್ಲಿ ಸೇಜ್: ಕೆಮ್ಮಿಗೆ, ಗಂಟಲಿಗೆ, ಮಾಂಸದ ಅಡುಗೆಗೆ.

ಬಣ್ಣದೆಲೆ ಸೇಜ್ ಇತ್ತೀಚಿನ ನರ್ಸರಿಯವರ ಕರಾಮತ್ತು ಅಂದುಕೊಂಡಿದ್ದೆ. ಅಲ್ಲ. ಇಂಗ್ಲೆಂಡಿನ ಜಾನ್ ಜೆರಾರ್ಡನ ಸಸ್ಯಗ್ರಂಥದ 1633ರ ಆವೃತ್ತಿಯಲ್ಲೇ ಕೆಂಪು, ಬಿಳಿ, ಹಸಿರು ಬೆರೆತ ಎಲೆಯ ಸೇಜ್ ವರ್ಣನೆ ಇದೆ. ಇವತ್ತು 'ಟ್ರೈಕಲರ್' ಅಂತ ಮಾರೋ ಗಿಡದ ಹಿರೀಕ ಅನ್ನಿ. ಬೀಜ ಹಾಕಿದರೆ ಆ ಬಣ್ಣ ಬರೋದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಅಂದರೆ ಇಂಥ ಗಿಡ ಉಳಿಯೋದು ಕೈಯಿಂದ ಕೈಗೆ, ಒಬ್ಬರು ಇನ್ನೊಬ್ಬರಿಗೆ ಕಡ್ಡಿ ಮುರಿದು ಕೊಟ್ಟರೆ ಮಾತ್ರ.

ಅದೇ 1630ರ ದಶಕದಲ್ಲಿ ಪಕ್ಕದ ಹಾಲೆಂಡಿನಲ್ಲಿ ಟುಲಿಪ್ ಹುಚ್ಚು. ಬಿಳಿ ದಳದ ಮೇಲೆ ಕೆಂಪು ಜ್ವಾಲೆಯಂಥ ಗೆರೆ ಮೂಡಿದ ಒಂದೊಂದು ಗೆಡ್ಡೆಗೆ ಮನೆ ಕೊಳ್ಳುವಷ್ಟು ಬೆಲೆ ಕಟ್ಟಿದರು. 1637ರ ಫೆಬ್ರವರಿಯಲ್ಲಿ ಆ ಮಾರುಕಟ್ಟೆ ಕುಸಿದುಬಿತ್ತು. ಆ ಗೆರೆ ಯಾಕೆ ಮೂಡ್ತಿತ್ತು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಸುಮಾರು ಮುನ್ನೂರು ವರ್ಷದ ಮೇಲೆ, 1920ರ ದಶಕದಲ್ಲಿ ಡೊರೊಥಿ ಕೇಲಿ ಅನ್ನೋ ವಿಜ್ಞಾನಿ ಗೆರೆ ಬಿದ್ದ ಗೆಡ್ಡೆಯ ತುಣುಕನ್ನ ಒಳ್ಳೆ ಗೆಡ್ಡೆಗೆ ಕಸಿ ಮಾಡಿ ತೋರಿಸಿದರು. ಅದು ಅಂಟುರೋಗ. ಹೇನು ಹರಡುವ ವೈರಸ್. ಜನ ಮನೆಮಠ ಮಾರಿ ಕೊಂಡದ್ದು ರೋಗವನ್ನ!

*ಮೊದಲ ವೈರಸ್ ಸಿಕ್ಕಿದ್ದು ಹೊಗೆಸೊಪ್ಪಿನಲ್ಲಿ*

ಇದೇ ಹಾಲೆಂಡಿನ ಹೊಗೆಸೊಪ್ಪು ರೈತರು 1879ರ ಹೊತ್ತಿಗೆ ವಾಖೆನಿಂಗನ್ ಕೃಷಿ ಶಾಲೆಯ ಅಡಾಲ್ಫ್ ಮೇಯರ್ ಅವರ ಹತ್ತಿರ ಹೋದರು, ಎಲೆ ಮೇಲೆ ತೇಪೆ ಬೀಳ್ತಿದೆ ಅಂತ. ಮೇಯರ್ ಮಣ್ಣು ನೋಡಿದರು, ಗೊಬ್ಬರ ನೋಡಿದರು, ಏನೂ ಹೊಂದಲಿಲ್ಲ. ಕೊನೆಗೆ ರೋಗದ ಎಲೆ ಅರೆದು, ರಸ ತೆಗೆದು, ಒಳ್ಳೆ ಗಿಡದ ಎಲೆನರಕ್ಕೆ ಚುಚ್ಚಿದರು. ಹತ್ತರಲ್ಲಿ ಒಂಬತ್ತು ಗಿಡಕ್ಕೆ ರೋಗ ಬಂತು. 1886ರಲ್ಲಿ ಪ್ರಕಟಿಸಿದರು. ರೋಗಕ್ಕೆ 'ಮೊಸಾಯಿಕ್' ಅಂತ ಹೆಸರಿಟ್ಟವರು ಅವರೇ. ಬಣ್ಣಬಣ್ಣದ ಕಲ್ಲಿನ ಚೂರು ಜೋಡಿಸಿ ಮಾಡೋ ನೆಲದ ಚಿತ್ತಾರದ ಹೆಸರು ಅದು. ರೋಗಕ್ಕೂ ಅಲಂಕಾರದ ಹೆಸರೇ ಬಿತ್ತು.

1892ರಲ್ಲಿ ರಷ್ಯಾದ ದ್ಮಿತ್ರಿ ಇವನೋವ್‌ಸ್ಕಿ ಆ ರಸವನ್ನ ಬ್ಯಾಕ್ಟೀರಿಯಾ ಕೂಡ ದಾಟದಷ್ಟು ಸಣ್ಣ ರಂಧ್ರದ ಪಿಂಗಾಣಿ ಸೋಸುಗದಲ್ಲಿ ಸೋಸಿದರು. ಸೋಸಿದ ರಸವೂ ರೋಗ ತಂತು. 1898ರಲ್ಲಿ, ಹಿಂದೆ ಮೇಯರ್ ಜೊತೆಗೇ ಕೆಲಸ ಮಾಡಿದ್ದ ಬೇಯರಿಂಕ್ ಇದನ್ನ ಮತ್ತೆ ಮಾಡಿ, ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಜೀವ ಇರೋ ಗಿಡದ ಒಳಗೆ ಮಾತ್ರ ಹೆಚ್ಚುವ ಬೇರೆಯೇ ಒಂದು ಬಗೆ ಅಂದರು. 'ವೈರಸ್' ಅಂತ ಕರೆದರು. ಲ್ಯಾಟಿನ್ನಿನಲ್ಲಿ ಆ ಪದದ ಅರ್ಥ ವಿಷ. ನಮ್ಮ ದೊಡ್ಡಪ್ಪ ಹೇಳೋ 'ನಂಜು' ಅದಕ್ಕಿಂತ ಒಳ್ಳೆ ಅನುವಾದ ಬೇಕಾ?

1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಈ ವೈರಸ್ಸನ್ನ ಸಕ್ಕರೆ ಹರಳಿನ ಹಾಗೆ ಹರಳುಗಟ್ಟಿಸಿದರು. 1946ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. 1939ರಲ್ಲಿ ಜರ್ಮನಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇದು ಕಣ್ಣಿಗೆ ಬಿತ್ತು, ಹಾಗೆ ಮೊದಮೊದಲು ಕಂಡ ವೈರಸ್‌ಗಳಲ್ಲಿ ಇದೂ ಒಂದು. ಕಡ್ಡಿ ಆಕಾರ, 300 ನ್ಯಾನೋಮೀಟರ್ ಉದ್ದ. ಮನುಷ್ಯನಿಗೆ ಬರೋ ಎಷ್ಟೋ ವೈರಸ್ ರೋಗಗಳ ತಿಳುವಳಿಕೆಗೆ ಬಾಗಿಲು ತೆಗೆದದ್ದು ಹೊಗೆಸೊಪ್ಪಿನ ಎಲೆ. ಮೊದಲು ಆ ಬಾಗಿಲು ತಟ್ಟಿದವರು ಎಲೆ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋದ ರೈತರು. ಇದನ್ನ ನಾವು ಮರೀಬಾರದು.

*ಸಂಜೆಮಲ್ಲಿಗೆ ಹೇಳಿದ ಉತ್ತರ*

ಹಾಗಾದರೆ ನಮ್ಮ ಸೇಜ್ ಎಲೆಯ ಹಳದಿ ಅಂಚೂ ನಂಜೇನಾ? ಇಲ್ಲಿಗೆ ಇನ್ನೊಬ್ಬರು ಬರ್ತಾರೆ. ಜರ್ಮನಿಯ ಅರ್ವಿನ್ ಬೌರ್. ಇವರು ಎರಡೂ ಕಡೆ ನೋಡಿದ ಮನುಷ್ಯ, ಅದಕ್ಕೇ ನನಗಿಷ್ಟ.

1868ರ ಸುಮಾರಿಗೆ ವೆಸ್ಟ್ ಇಂಡೀಸ್‌ನಿಂದ ಇಂಗ್ಲೆಂಡಿಗೆ ಹಳದಿ ಚುಕ್ಕಿ ಎಲೆಯ ಅಬುಟಿಲಾನ್ ಗಿಡ ಬಂತು. ನಮ್ಮ ಹೊಲದ ಬದುವಿನಲ್ಲಿ ಬೆಳೆಯೋ ತುತ್ತಿ ಗಿಡದ ಬಳಗ. ಚೆನ್ನಾಗಿದೆ ಅಂತ ಎಲ್ಲರೂ ಕುಂಡದಲ್ಲಿ ಬೆಳೆಸಿದರು. ಆದರೆ ಆ ಗಿಡದ ಕಡ್ಡಿಯನ್ನ ಹಸಿರು ಗಿಡಕ್ಕೆ ಕಸಿ ಕಟ್ಟಿದರೆ, ಹಸಿರು ಗಿಡಕ್ಕೂ ಚುಕ್ಕಿ ಬರ್ತಿತ್ತು. ಬೌರ್ 1904ರಿಂದ ಇದನ್ನ ಪರೀಕ್ಷಿಸಿ, ಇದು ಅಂಟುವ ಚಿತ್ತಾರ ಅಂದರು. ಇವತ್ತು ಅದು ಬಿಳಿನೊಣ ಹರಡುವ ವೈರಸ್ ಅಂತ ಗೊತ್ತಾಗಿದೆ. ನಮ್ಮ ಬೆಂಡೆ ಗಿಡದ ಹಳದಿ ನರದ ನಂಜಿನ ನೆಂಟ.

ಅದೇ ಬೌರ್ ಆಮೇಲೆ ಬಿಳಿ ಅಂಚಿನ ಜೆರೇನಿಯಂ ಹಿಡಿದರು. ಕಸಿ ಕಟ್ಟಿದರೂ ಇದು ಅಂಟಲಿಲ್ಲ. ಸೀಳಿ ನೋಡಿದರೆ, ಆ ಗಿಡ ಎರಡು ಬಗೆಯ ಜೀವಕೋಶದ ಪದರಗಳಿಂದ ಕಟ್ಟಿದ್ದು. ಒಂದರಲ್ಲಿ ಪತ್ರಹರಿತ್ತು ಇದೆ, ಇನ್ನೊಂದರಲ್ಲಿ ಇಲ್ಲ. ಒಂದೇ ಮೈಯಲ್ಲಿ ಎರಡು ಜೀವ. ವಿಜ್ಞಾನಿಗಳು ಇಂಥದ್ದಕ್ಕೆ ಗ್ರೀಕ್ ಪುರಾಣದ ಮೃಗದ ಹೆಸರಿಟ್ಟು 'ಕೈಮೆರಾ' ಅಂದರು. ಮೈಸೂರು ಸೀಮೆಯವರಾದ ನಮಗೆ ಅಷ್ಟು ದೂರ ಹೋಗೋದು ಬೇಡ, ಗಂಡಭೇರುಂಡ ಅಂದರೆ ಸಾಕು.

ಬೌರ್ ಇದನ್ನ ಬರೆದ 1909ರಲ್ಲೇ ಇನ್ನೊಬ್ಬ ಜರ್ಮನ್, ಕಾರ್ಲ್ ಕೊರೆನ್ಸ್, ಸಂಜೆಮಲ್ಲಿಗೆ ಮೇಲೆ ಮಾಡಿದ ಕೆಲಸ ಪ್ರಕಟಿಸಿದರು. ಹೌದು, ನಮ್ಮ ಹಿತ್ತಿಲ ಸಂಜೆಮಲ್ಲಿಗೆಯೇ. ಅವರ ಹತ್ತಿರ ಇದ್ದ ಒಂದೇ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಮಚ್ಚೆ ಕೊಂಬೆ ಮೂರೂ ಇದ್ದವು. ಹಸಿರು ಕೊಂಬೆಯ ಹೂವಿನ ಬೀಜದಿಂದ ಹಸಿರು ಗಿಡ. ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿ, ಅವು ಆಹಾರ ತಯಾರಿಸಲಾಗದೆ ಸಾಯ್ತಿದ್ದವು. ಮಚ್ಚೆ ಕೊಂಬೆಯ ಬೀಜದಿಂದ ಮೂರೂ ಬಗೆ. ಪರಾಗ ಯಾವ ಕೊಂಬೆಯದಾದರೂ ಲೆಕ್ಕಕ್ಕಿಲ್ಲ, ತಾಯಿ ಕೊಂಬೆ ಯಾವುದೋ ಅದೇ ಲೆಕ್ಕ. ಹಸಿರು ಕಣಗಳು ತಾಯಿಯಿಂದಲೇ ಬರ್ತವೆ ಅನ್ನೋದರ ಮೊದಲ ಸುಳಿವು ಇದು. ಮೆಂಡಲ್‌ನ ನಿಯಮವನ್ನ 1900ರಲ್ಲಿ ಮತ್ತೆ ಎತ್ತಿ ತೋರಿಸಿದವರಲ್ಲಿ ಕೊರೆನ್ಸ್ ಒಬ್ಬರು. ಆ ನಿಯಮ ಒಪ್ಪದ ಜಾಗವನ್ನ ಸಂಜೆಮಲ್ಲಿಗೆಯಲ್ಲಿ ಕಂಡು ಹೇಳಿದವರೂ ಅವರೇ.

ನಮ್ಮ ಸೇಜ್ ಈ ಎರಡನೇ ಜಾತಿ. ಅದರ ಹಳದಿ ಅಂಚು ಅದರ ಮೈಯೊಳಗಿನದು, ಪಕ್ಕದ ಗಿಡಕ್ಕೆ ಹತ್ತೋದಲ್ಲ. ದೊಡ್ಡಪ್ಪನಿಗೆ ಸೇಜ್ ವಿಚಾರದಲ್ಲಿ ತಪ್ಪಾಯ್ತು. ಆದರೆ ಪೂರ್ತಿ ತಪ್ಪಾ? ತಾಳಿ.

*ನಮ್ಮ ಸೀಮೆಗೆ ಬಣ್ಣದೆಲೆ ಬಂದ ದಾರಿ*

ಹಳೇ ಮೈಸೂರಿಗೆ ಅಂದದ ಗಿಡಗಳು ಬಂದ ದೊಡ್ಡ ದಾರಿ ಲಾಲ್‌ಬಾಗ್. ಹೈದರಾಲಿ ಕಾಲದ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟ ಆಯ್ತು. 1874ರಿಂದ ಜಾನ್ ಕ್ಯಾಮರಾನ್, 1908ರಿಂದ 1932ರವರೆಗೆ ಜರ್ಮನಿಯ ಕ್ರುಂಬಿಗಲ್ ಅದನ್ನ ನಡೆಸಿದರು. ಕ್ಯಾಮರಾನ್ ಕಾಲದಲ್ಲಿ ಬಂದ ಸೀಮೆಬದನೆ ಇವತ್ತು ನಮ್ಮ ಸಾರಿನಲ್ಲಿದೆ. ಕ್ರುಂಬಿಗಲ್ ಕೈಯ ಕೆಲಸ ಕೆ.ಆರ್. ನಗರದವರಿಗೆ ಹತ್ತಿರದ್ದು. ಕನ್ನಂಬಾಡಿ ಹಿನ್ನೀರು ಅವರ ತಾಲ್ಲೂಕಿನ ತನಕ ಚಾಚಿಕೊಂಡಿದೆ, ಕಟ್ಟೆಯ ಕೆಳಗಿನ ಬೃಂದಾವನದ ವಿನ್ಯಾಸ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅವರು ಮಾಡಿದ್ದು. ನಮ್ಮಜ್ಜಿ ಬೃಂದಾವನ ನೋಡಿ ಬಂದ ಮೇಲೆ ಕೋಲಿಯಸ್ ಗಿಡಕ್ಕೆ 'ಸೀರೆ ಗಿಡ' ಅಂತಿದ್ದರು. ಅಂಚು, ಒಡಲು ಬೇರೆಬೇರೆ ಬಣ್ಣ ಅಲ್ಲವಾ, ಅದಕ್ಕೆ. ದಸರಾದಲ್ಲಿ ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಕೆಂಪು ಸಾಲ್ವಿಯಾ ನೋಡೇ ಇರ್ತೀರಿ. ಅದು ಸೇಜ್ ಗಿಡದ ಬ್ರೆಜಿಲ್ ದೇಶದ ತಂಗಿ.

ದೊಡ್ಡಪತ್ರೆ ಕಥೆ ಇನ್ನೂ ಚೆನ್ನಾಗಿದೆ. ಸೇಜ್, ತುಳಸಿ, ಪುದೀನ, ಮರುಗ, ತುಂಬೆ, ದೊಡ್ಡಪತ್ರೆ ಎಲ್ಲ ಒಂದೇ ಮನೆತನ. ನಾಲ್ಕು ಮೂಲೆ ಕಾಂಡ, ಎದುರು ಬದುರು ಎಲೆ, ತುಟಿ ಹಾಗಿರೋ ಹೂ. ದೊಡ್ಡಪತ್ರೆ ನಮ್ಮದೇ ಅಂತ ನಾವಂದುಕೊಂಡಿದ್ದೀವಿ, ಅದರ ತವರು ಆಫ್ರಿಕಾದ ಪೂರ್ವ, ದಕ್ಷಿಣ ಭಾಗ. 1790ರಲ್ಲಿ ಲೌರೇರೋ ಅನ್ನೋ ಪೋರ್ಚುಗೀಸ್ ಪಾದ್ರಿ ಅದಕ್ಕೆ ಇಂಡೋನೇಷ್ಯಾದ ಅಂಬೋನ್ ದ್ವೀಪದ ಹೆಸರು ಸೇರಿಸಿ ಕೋಲಿಯಸ್ ಅಂಬೋಯ್ನಿಕಸ್ ಅಂದರು. ನಡುವೆ ಬೇರೆ ಬೇರೆ ಹೆಸರು ಬಂದು ಹೋಗಿ, 2019ರಲ್ಲಿ ಸಸ್ಯವಿಜ್ಞಾನಿಗಳು ಮತ್ತೆ ಅದೇ ಹಳೇ ಹೆಸರಿಗೆ ಮರಳಿದರು. ಬಿಳಿ ಅಂಚಿನ ದೊಡ್ಡಪತ್ರೆ ಈಗ ಎಲ್ಲ ನರ್ಸರಿಯಲ್ಲೂ ಸಿಗುತ್ತೆ. ಹೊಗೆಸೊಪ್ಪು ಕೂಡ ಹೊರಗಿಂದ ಬಂದದ್ದೇ. ಅಮೆರಿಕದ ಗಿಡ, ಪೋರ್ಚುಗೀಸರು ತಂದದ್ದು. ವರ್ಜೀನಿಯಾ ತಳಿ 1920ರ ದಶಕದಲ್ಲಿ ಗುಂಟೂರು ಕಡೆ ಬೇರೂರಿ, ಆಮೇಲೆ ನಮ್ಮ ಕೆಂಪು ಹಗುರ ಮಣ್ಣಿಗೆ ಬಂತು. 1976ರಲ್ಲಿ ತಂಬಾಕು ಮಂಡಳಿ, 1984ರಲ್ಲಿ ಹರಾಜು. ಹಿಂಗೆ ಜಗಲಿ ಮೇಲೂ ಪರದೇಶಿ, ಹೊಲದಲ್ಲೂ ಪರದೇಶಿ. ಒಂದು ಅಂದಕ್ಕೆ, ಒಂದು ಅನ್ನಕ್ಕೆ.

*ರೂಪವೋ ರೋಗವೋ, ಗುರುತು ಹಿಡಿಯೋದು*

ನಾನು ಕಂಡುಕೊಂಡ ಲೆಕ್ಕ ಇಷ್ಟು.

ಹುಟ್ಟು ಚಿತ್ತಾರದಲ್ಲಿ ಕ್ರಮ ಇರುತ್ತೆ. ಅಂಚು ಅಂದರೆ ಎಲ್ಲ ಎಲೆಗೂ ಅಂಚೇ. ಎಲೆ ಸಪಾಟಾಗಿರುತ್ತೆ, ಗಿಡ ಲಕ್ಷಣವಾಗಿರುತ್ತೆ. ನಂಜಿನಲ್ಲಿ ಕ್ರಮ ಇಲ್ಲ. ತೇಪೆ ಎಲ್ಲೆಂದರಲ್ಲಿ, ಕಡುಹಸಿರು ಭಾಗ ಬೊಬ್ಬೆ ಎದ್ದ ಹಾಗೆ, ಕುಡಿ ಎಲೆ ಸೊಟ್ಟ, ಗಿಡ ಗಿಡ್ಡ. ಮುಖ್ಯವಾಗಿ, ಇವತ್ತು ಒಂದಕ್ಕೆ ಇದ್ದದ್ದು ವಾರ ಕಳೆದರೆ ಸಾಲಿಗೆ ಇರುತ್ತೆ. ಜೋರು ಮಳೆ ಆದಮೇಲೆ ಹೊಗೆಸೊಪ್ಪಿನ ಕೆಳಗಿನ ಎಲೆ ಮಾತ್ರ ನರದ ನಡುವೆ ಬೆಳ್ಳಗಾದರೆ ಮೂರನೇ ಲೆಕ್ಕ ಹಾಕಿ: ಹಗುರ ಮಣ್ಣಿನಿಂದ ಮೆಗ್ನೀಷಿಯಂ ಬಸಿದು ಹೋಗಿರುತ್ತೆ. ಅದು ನಂಜಲ್ಲ.

ಈಗ ದೊಡ್ಡಪ್ಪನ ಮಾತಿಗೆ ವಾಪಸ್ ಬರ್ತೀನಿ. ಸೇಜ್ ಪಕ್ಕದಲ್ಲೇ ಮಗಳು ಚಳಿಗಾಲದಲ್ಲಿ ತಂದು ನೇತುಹಾಕಿದ್ದ ಪೆಟೂನಿಯಾ ಇತ್ತು. ಎಲೆ ಹಸಿರು, ಹೂ ತುಂಬಿತ್ತು, ಯಾರೂ ಅನುಮಾನ ಪಡಲಿಲ್ಲ. ಆದರೆ ಪೆಟೂನಿಯಾ ಹೊಗೆಸೊಪ್ಪಿನ ಬಳಗದ್ದೇ, ತಂಬಾಕು ಮೊಸಾಯಿಕ್ ವೈರಸ್ ಸಲೀಸಾಗಿ ಮನೆ ಮಾಡಿಕೊಳ್ಳೋ ಗಿಡ. ಹೆದರಬೇಕಾದ್ದು ಬಣ್ಣದ ಎಲೆಗಲ್ಲ, ಬಳಗಕ್ಕೆ. ಅವತ್ತೇ ಅದನ್ನ ಸಸಿ ಟ್ರೇಗಳಿಂದ ದೂರ ಮನೆಯ ಆಚೆ ಪಕ್ಕಕ್ಕೆ ಸಾಗಿಸಿದೆ.

ಅದಕ್ಕಿಂತ ದೊಡ್ಡ ಕಳ್ಳ ನನ್ನ ಜೇಬಿನಲ್ಲೇ ಇದ್ದ. ಕಡ್ಡಿಪುಡಿ. ಈ ವೈರಸ್ ಒಣಗಿದ ಎಲೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂತಿರುತ್ತೆ. ನೊಣ, ಹೇನು ಬೇಕಾಗಿಲ್ಲ, ಕೈ ಸಾಕು. ಹೋದ ವರ್ಷ ಎಲೆಅಡಿಕೆಗೆ ಕಡ್ಡಿಪುಡಿ ಹಾಕಿಕೊಂಡು, ಅದೇ ಬೆರಳಲ್ಲಿ ಟ್ರೇಯಿಂದ ಸಾವಿರಾರು ಸಸಿ ಕಿತ್ತವನು ನಾನೇ. ಆಳುಗಳ ಮೇಲೆ, ಬೀಜದ ಮೇಲೆ, ಮಳೆ ಮೇಲೆ ತಪ್ಪು ಹೊರಿಸಿದ್ದೆ. ಸಾಲಿಗೆ ಸಾಲು ಬಂದ ರೋಗ ಹೇಳ್ತಿದ್ದದ್ದು ಬೇರೆ: ಯಾವ ಕೈ ಯಾವ ಸಾಲು ನೆಟ್ಟಿತು ಅಂತ.

ಈ ವರ್ಷ ಬಾಗಿಲಲ್ಲಿ ಬಕೆಟ್ ನೀರು, ಸೋಪು. ಸಸಿ ಮುಟ್ಟೋ ಮೊದಲು ಎಲ್ಲರೂ ಕೈ ತೊಳೆಯಬೇಕು, ನಾನು ಮೊದಲು. ಸಸಿಮಡಿ ಹತ್ತಿರ ಬೀಡಿ ಇಲ್ಲ, ಕಡ್ಡಿಪುಡಿ ಇಲ್ಲ. ಕೆನೆ ತೆಗೆದ ಹಾಲಲ್ಲಿ ಕೈ ಅದ್ದಿಕೊಂಡು ಕೆಲಸ ಮಾಡೋ ಪದ್ಧತಿಯೂ ಇದೆ. ಹಾಲಿನ ಪ್ರೋಟೀನ್ ವೈರಸ್ಸಿನ ಅಂಟುವ ಶಕ್ತಿ ತಗ್ಗಿಸುತ್ತೆ. ಕುಡಿ ಮುರಿಯೋವಾಗ ರೋಗದ ಗಿಡ ಕೊನೆಗೆ ಮುಟ್ಟಬೇಕು.

*ಕುಂಡದಲ್ಲಿ ಸೇಜ್ ಬೆಳೆಸೋರಿಗೆ ನಾಲ್ಕು ಮಾತು*

ಇದು ಒಣ ಗುಡ್ಡದ ಗಿಡ, ಬೇರಿಗೆ ನೀರು ನಿಂತರೆ ಕೊಳೆಯುತ್ತೆ. ಮಣ್ಣಿನ ಕುಂಡವೇ ಸರಿ. ತಳಕ್ಕೆ ಹೆಂಚಿನ ಚೂರು, ಮೇಲೆ ನಮ್ಮ ಕೆಂಪುಮಣ್ಣು, ದಪ್ಪ ಮರಳು, ಸ್ವಲ್ಪ ಹಳೇ ಗೊಬ್ಬರ. ಗೊಬ್ಬರ ಜಾಸ್ತಿ ಆದರೆ ಎಲೆಗೆ ಘಮ ಇರಲ್ಲ. ಮೇಲ್ಮಣ್ಣು ಒಣಗಿದ ಮೇಲೇ ನೀರು. ಬೆಳಗಿನ ಬಿಸಿಲು ಬೇಕು, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ಹಳದಿ ಅಂಚು ಸುಡುತ್ತೆ.

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಪಿರಿಯಾಪಟ್ಟಣದ ಕೊಡಗಿನ ಕಡೆ ಮಗ್ಗುಲಲ್ಲಿ ಇರೋರು ಜೂನ್‌ನಿಂದ ಸೆಪ್ಟೆಂಬರ್ ತನಕ ಕುಂಡವನ್ನ ಸೂರಿನಡಿಯೇ ಇಡಿ. ಕೆ.ಆರ್. ನಗರದ ನಾಲೆ ಬಯಲಿನವರು ಗದ್ದೆಯ ಕರಿಮಣ್ಣು ತುಂಬಿಸಬೇಡಿ. ಚಿತ್ತಾರದ ನಡುವೆ ಪೂರಾ ಹಸಿರು ಕೊಂಬೆ ಬಂದರೆ ಬುಡದಲ್ಲೇ ಚಿವುಟಿ. ಅದಕ್ಕೆ ಹಸಿರು ಜಾಸ್ತಿ, ಬಲ ಜಾಸ್ತಿ, ಬಿಟ್ಟರೆ ಇಡೀ ಗಿಡವನ್ನೇ ನುಂಗುತ್ತೆ. ಮಳೆಗಾಲ ಮುಗಿದ ಮೇಲೆ ಬೆರಳುದ್ದದ ಎಳೆ ಕಡ್ಡಿ ಎರಡು ಮೂರು ಮರಳಲ್ಲಿ ಊರಿಟ್ಟಿರಿ. ತಾಯಿಗಿಡ ಹೋದರೂ ವಂಶ ಉಳಿಯುತ್ತೆ. ಇಷ್ಟೆಲ್ಲ ಆಗಲ್ಲ ಅನ್ನೋರಿಗೆ ಬಿಳಿ ಅಂಚಿನ ದೊಡ್ಡಪತ್ರೆ ಇದ್ದೇ ಇದೆ. ಕಡ್ಡಿ ಮುರಿದು ಚುಚ್ಚಿದರೆ ಬಂತು. ತಂಬುಳಿಗೂ ಆಯ್ತು, ಅಂದಕ್ಕೂ ಆಯ್ತು.

ಮೊನ್ನೆ ದೊಡ್ಡಪ್ಪ ಮತ್ತೆ ಬಂದಿದ್ದರು. ಬಕೆಟ್ ನೋಡಿ, "ಇದೇನ್ಲಾ, ದೇವಸ್ಥಾನದ ಥರ ಕೈಕಾಲು ತೊಳ್ಕೊಂಡು ಒಳೀಕೆ ಬರ್ಬೇಕಾ?" ಅಂದರು. "ಊ ದೊಡ್ಡಪ್ಪ, ನಂಜು ಗಿಡದಲ್ಲಿರಲಿಲ್ಲ, ನನ್ ಕೈಲಿತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೈ ತೊಳೆದರು. ಆಮೇಲೆ ಸೇಜ್ ಎಲೆ ಒಂದನ್ನ ಚಿವುಟಿ ಮೂಸಿ, "ವಾಸ್ನೆ ಚೆಂದಾಗದೆ. ಒಂದು ಕಡ್ಡಿ ನಂಗೂ ಕೊಡ್ಲಾ" ಅಂದರು.

ಮಳೆಗಾಲ ಮುಗೀಲಿ, ಕೊಡ್ತೀನಿ ಅಂದಿದ್ದೀನಿ.